ಹೊಸ್ತಿಲಲ್ಲಿ ಬಿಟ್ಟ ಬೂಟು

ಹನ್ನೊಂದು ಗಂಟೆಗೆ ಬರುವ ಪೇಷೆಂಟನ್ನು ಹಿಂದಿನ ಬಾಗಿಲಿಂದ ಕರೆದುಕೊಂಡು ಬರಬೇಕು, ಅಳತೆಯನ್ನು ಸಾಮಾನಿನ ಕೋಣೆಯಲ್ಲೇ ತೆಗೆಯಬೇಕು ಎಂದು ಮಾಲೀಕರು ಬೆಳಿಗ್ಗೆಯೇ ಹೇಳಿದರು. ನಮ್ಮದು ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ಟೈರ್ ಅಂಗಡಿಯ ಪಕ್ಕದ ಸಣ್ಣ ವರ್ಕ್‌ಶಾಪು. ಸಕ್ಕರೆ ಕಾಯಿಲೆಯಿಂದಲೋ ಅಪಘಾತದಿಂದಲೋ ಪಾದ ಕೆಟ್ಟವರಿಗೆ ಬೂಟು ಮತ್ತು ಒಳಅಟ್ಟೆ ಮಾಡಿಕೊಡುತ್ತೇವೆ. ಏಕೆ ಹಿಂದಿನ ಬಾಗಿಲು ಎಂದು ಕೇಳಿದೆ. ಮಾಲೀಕರು ಬೆಂಗಳೂರಿನವರು, ಯಾರ ಮೇಲೂ ದನಿ ಎತ್ತುವವರಲ್ಲ.

"ಆಯಮ್ಮಂಗೆ ಲೆಪ್ರಸಿ ಹಿಸ್ಟರಿ ಇದೆಯಂತೆ. ಫ್ರಂಟಲ್ಲಿ ಬೇರೆ ಪೇಷೆಂಟ್ಸ್ ಕೂತಿರ್ತಾರೆ. ಸುಮ್ನೆ ಯಾಕೆ ಇಶ್ಯೂ?" ಎಂದರು.

ಡಾಕ್ಟರರ ಚೀಟಿ ನನ್ನ ಕೈಯಲ್ಲೇ ಇತ್ತು. ಆಕೆಯ ರೋಗ ವಾಸಿಯಾಗಿ ಅರವತ್ತು ವರ್ಷ ದಾಟಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ವಾಸಿಯಾದ ರೋಗ ಹರಡುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ನಾನು ಹುಬ್ಬಳ್ಳಿ ಕಡೆಯ ಒಂದು ಕುಷ್ಠರೋಗ ಆಸ್ಪತ್ರೆಯ ಚಪ್ಪಲಿ ವಿಭಾಗ ಸೇರಿದವನು. ಸಣ್ಣ ಕಣ್ಣಿನ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಹೊಲಿಯುವುದನ್ನು ಕಲಿತದ್ದೇ ಬೆರಳು ಕಳೆದುಕೊಂಡವರ ಪಾದ ಹಿಡಿದು. ಅಷ್ಟು ತಿಳಿದವನು ಮಾಲೀಕರಿಗೆ ಎದುರು ಮಾತಾಡಬೇಕಿತ್ತು. ಆಡಲಿಲ್ಲ. ನನ್ನ ಹೆಂಡತಿ ತೀರಿಕೊಂಡು ಆಗ ಆರು ವಾರವಾಗಿತ್ತು. ಯಾರೊಂದಿಗೂ ಮಾತು ಬೇಡವಾಗಿತ್ತು. ಹೋಗಿ ಹಿಂದಿನ ಬಾಗಿಲು ತೆರೆದೆ.

ಮೊಮ್ಮಗಳ ತೋಳು ಹಿಡಿದು, ತಲೆಯ ಮೇಲೆ ಬಿಳಿ ಸೆರಗು ಹೊದ್ದ ಒಬ್ಬ ಮುದುಕಿ ನಿಂತಿದ್ದರು. ಎಂಬತ್ತರ ಹತ್ತಿರ ಇರಬಹುದು. ಕಸದ ಡಬ್ಬಿಗಳನ್ನೂ ನನ್ನನ್ನೂ ನೋಡಿ ಹಿಂದಿಯಲ್ಲಿ ಏನೋ ಅಂದರು. ಫಿಜಿಯಲ್ಲಿ ಹುಟ್ಟಿದ ಭಾರತೀಯರ ಹಿಂದಿ ಅದು. ನನ್ನದು ಹುಬ್ಬಳ್ಳಿ ಹಿಂದಿ. ಎರಡೂ ಹೇಗೋ ಹೊಂದಿಕೊಂಡವು. ಅವರ ಮಾತನ್ನು ನನ್ನ ಊರಿನ ಮಾತಿನಲ್ಲೇ ಬರೆಯುತ್ತೇನೆ, ನನಗೆ ಅದು ಹಾಗೆಯೇ ಕೇಳಿಸುತ್ತಿತ್ತು.

"ಇಲ್ಲಿನೂ ಹಿಂದಿನ ಬಾಗಲಾನ ಏನಪಾ?"

ಅವರ ಕಡೆ ಅಪ್ಪನ ತಾಯಿಗೆ ಆಜಿ ಅನ್ನುತ್ತಾರೆ. ಮೊಮ್ಮಗಳು ಹಾಗೆ ಕರೆಯುತ್ತಿದ್ದಳು. ನಾನೂ ಹಾಗೇ ಕರೆದೆ.

ಕಾರ್ಡ್‌ಬೋರ್ಡ್ ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿ ಕೂರಿಸಿದೆ. ಬಲಗಾಲಿನ ಪಟ್ಟಿ ಬಿಚ್ಚಿ ನೋಡಿದೆ. ಬೆರಳುಗಳು ಮೋಟಾಗಿ ಒಳಕ್ಕೆ ಮಡಿಚಿದ್ದವು. ಹೆಬ್ಬೆರಳ ಬುಡದ ಉಬ್ಬಿನ ಕೆಳಗೆ ನಾಣ್ಯದಗಲದ ಗಾಯ, ಸುತ್ತ ಗಟ್ಟಿ ಚರ್ಮದ ಬಳೆ. ಗಾಯ ಆಳವಾಗಿತ್ತು. ಪಾದದಲ್ಲಿ ಸ್ಪರ್ಶ ಇಲ್ಲವೇ ಇಲ್ಲ. ಪೆನ್ನಿನ ತುದಿಯಿಂದ ಒತ್ತಿದರೂ ಅವರಿಗೆ ತಿಳಿಯಲಿಲ್ಲ. ಗಾಯದ ಕ್ಲಿನಿಕ್ಕಿನವರು ಕಾಲಿಗೆ ಪೂರ್ತಿ ಪ್ಲಾಸ್ಟರ್ ಹಾಕಿ ನೋಡಿದ್ದರು. ಆಜಿ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅದನ್ನು ಕತ್ತರಿಸಿ ತೆಗೆದಿದ್ದರು. ಸರ್ಜನ್ ಬರೆದದ್ದು ಇಷ್ಟು: ಎಂಟು ವಾರದಲ್ಲಿ ಗಾಯ ಮುಚ್ಚುವ ಲಕ್ಷಣ ಕಾಣದಿದ್ದರೆ ಸೋಂಕು ಮೂಳೆಗಿಳಿಯುವ ಮೊದಲು ಮೊಣಕಾಲ ಕೆಳಗೆ ಕತ್ತರಿಸಬೇಕು. ದಿನವನ್ನೂ ಗೊತ್ತುಮಾಡಿ ಇಟ್ಟಿದ್ದರು.

ಗಾಯದ ಜಾಗಕ್ಕೆ ಮಾತ್ರ ಗ್ಲೌಸು ಹಾಕಿದ ಕೈ ಇಟ್ಟೆ. ಉಳಿದ ಪಾದವನ್ನು ಬರಿಗೈಯಲ್ಲೇ ಹಿಡಿದು ಪಾದದ ಗುರುತು ಹಿಡಿಯುವ ಫೋಮ್ ಪೆಟ್ಟಿಗೆಯೊಳಗೆ ಒತ್ತಿದೆ. ಹಿಮ್ಮಡಿ ಮೊದಲು, ಆಮೇಲೆ ಹೊರಗಿನ ಅಂಚು, ಕೊನೆಗೆ ಬೆರಳುಗಳು. ಒತ್ತುವಾಗ ಪಾದ ತಿರುಗಬಾರದು, ಅದಕ್ಕೆ ಮೊಣಕಾಲ ಮೇಲೆ ಒಂದು ಕೈ ಇರಬೇಕು. ಆಜಿ ನನ್ನ ಬರಿಗೈಯನ್ನೇ ನೋಡುತ್ತಿದ್ದರು.

"ಎರಡು ಕಾಲಿಲೆ ಆ ದ್ವೀಪಕ್ಕ ಹೋಗಿದ್ದೆ. ಎರಡು ಕಾಲಿಲೆ ವಾಪಸ್ ಬಂದೆ. ಈಗ ಅಮೆರಿಕಾಕ್ಕ ಬಂದು ಒಂದು ಬಿಟ್ಟು ಹೋಗಬೇಕೇನು?" ಎಂದರು.

ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಕುಷ್ಠರೋಗಿಗಳನ್ನು ಇನ್ನೂ ದೂರದ ಒಂದು ದ್ವೀಪಕ್ಕೆ ಸಾಗಿಸಿ ಇಡುತ್ತಿದ್ದರೆಂದು ಆಸ್ಪತ್ರೆಯಲ್ಲಿದ್ದಾಗ ನಮ್ಮ ಮೇಸ್ತ್ರಿ ಹೇಳಿದ್ದರು. ಮಾತ್ರೆ ಬರುವ ಮೊದಲು ಅಲ್ಲಿಯವರಿಗೆ ಚುಚ್ಚುತ್ತಿದ್ದ ಎಣ್ಣೆ ನಮ್ಮ ಘಟ್ಟದ ಗರುಡಫಲದ ಜಾತಿಯ ಬೀಜದ್ದೇ ಎಂದೂ ಹೇಳಿದ್ದರು. ಅಲ್ಲಿ ಬೆಳೆದ ಒಬ್ಬರು ನನ್ನೆದುರು ಕುರ್ಚಿಯಲ್ಲಿ ಕೂತಿರುತ್ತಾರೆಂದು ನಾನು ಯಾವತ್ತೂ ಎಣಿಸಿರಲಿಲ್ಲ.

ಅವರು ಹೋದ ಮೇಲೆ ಮಾಲೀಕರು ಬಂದು, ಪ್ಲಾಸ್ಟರ್ ಸುರಿದು ಅಚ್ಚು ತೆಗೆದುಕೊಂಡ ಕೂಡಲೇ ಫೋಮ್ ಪೆಟ್ಟಿಗೆಯನ್ನು ಸೋಂಕಿನ ಕಸದ ಕೆಂಪು ಚೀಲಕ್ಕೆ ಹಾಕಿ ಬೇರೆಯಾಗಿ ಎಸೆಯಬೇಕೆಂದರು. ಬೇರೆ ಯಾರ ಗಾಯದ ಪೆಟ್ಟಿಗೆಗೂ ಆ ಮಾತು ಹೇಳಿದ್ದಿಲ್ಲ. ನಾನು ಅದನ್ನು ಎಲ್ಲ ಪೆಟ್ಟಿಗೆಗಳ ಜೊತೆಗೆ ಶೆಲ್ಫಿನಲ್ಲೇ ಇಟ್ಟೆ. ಮುಂದಿನ ಸಲದಿಂದ ಅವರನ್ನು ಮುಂಬಾಗಿಲಿಂದಲೇ ಕರೆತಂದೆ. ಮಾಲೀಕರು ನೋಡಿ ತಮ್ಮ ಕೆಲಸಕ್ಕೆ ತಿರುಗಿದರು.

ಮೊದಲ ಎರಡು ವಾರ ಒಂದು ಫಾರ್ಮಿನಲ್ಲಿ ಹೋದವು. ಇಂಥ ಬೂಟಿಗೆ ಇನ್ಶೂರೆನ್ಸಿನವರು ಒಪ್ಪಿಗೆ ಕೊಡಬೇಕು. ಫಾರ್ಮಿನ ಮೊದಲ ಪ್ರಶ್ನೆಯೇ ರೋಗಿಗೆ ಸಕ್ಕರೆ ಕಾಯಿಲೆ ಇದೆಯೇ ಎಂಬುದು. ಇಲ್ಲ ಎಂದು ಗುರುತು ಹಾಕಿದೆವು. ನಾಲ್ಕನೆಯ ದಿನ ತಿರಸ್ಕಾರವಾಗಿ ಬಂತು. ಪಾದದಲ್ಲಿ ಸ್ಪರ್ಶವಿಲ್ಲ, ಕಾರಣ ಕುಷ್ಠ ಎಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಮತ್ತೆ ಕಳಿಸಿದೆವು. ಮತ್ತೆ ತಿರಸ್ಕಾರ. ಫೋನ್ ಮಾಡಿದೆ. ಐವತ್ತು ನಿಮಿಷ ಸಂಗೀತ ಕೇಳಿಸಿ ಒಬ್ಬಾಕೆ ಸಿಕ್ಕಳು. ಆ ರೋಗ ತಮ್ಮ ಪಟ್ಟಿಯಲ್ಲಿ ಇಲ್ಲ ಎಂದಳು. ಈಗ ಪ್ರಪಂಚದಲ್ಲೇ ಇಲ್ಲವಲ್ಲ ಎಂದೂ ಕೇಳಿದಳು. ಅದೇ ದಿನ ಅದೇ ಮೇಜಿನ ಮೇಲೆ ನಾನು ಆಜಿಯ ಪಾದದ ಪ್ಲಾಸ್ಟರ್ ಅಚ್ಚನ್ನು ಉಜ್ಜುತ್ತಿದ್ದೆ. ರೋಗ ಇದ್ದಾಗ ಊರಿನಿಂದ ಹೊರಗೆ ಹಾಕಲು ಪಟ್ಟಿ ಇತ್ತು, ಈಗ ಬೂಟು ಕೊಡಲು ಪಟ್ಟಿಯಿಲ್ಲ. ಫೋನ್ ಇಟ್ಟು ಸಿಟ್ಟಿನಲ್ಲಿ ಜೋರಾಗಿ ಉಜ್ಜಿದೆ. ಅಚ್ಚಿನ ಅಂಚು ಒಂದು ಕಡೆ ಹೆಚ್ಚು ಸವೆದುಹೋಯಿತು, ಮತ್ತೆ ತುಂಬಿಸಬೇಕಾಯಿತು.

ಒಪ್ಪಿಗೆ ಬರುವವರೆಗೆ ಕಾಯೋಣ ಎಂದು ಮಾಲೀಕರು ಹೇಳಿದರು. ಆ ಗಾಯ ಕಾಯುವುದಿಲ್ಲ ಎಂದೆ. ಕತ್ತರಿಸಿ ಉಳಿದ ತುಂಡುಗಳಲ್ಲಿ ಊಟದ ಬಿಡುವಿನಲ್ಲಿ ಮಾಡುತ್ತೇನೆ, ನಿಮ್ಮ ಸಾಮಾನು ಮುಟ್ಟುವುದಿಲ್ಲ ಎಂದೆ. ಅವರು ತೋರಿಸಿಕೊಳ್ಳದೆ ಒಪ್ಪಿದರು. ಸಾಮಾನು ಮುಟ್ಟಿದರೂ ಕಂಡೂ ಕಾಣದಂತೆ ಇದ್ದರು. ಅದನ್ನೂ ಹೇಳಬೇಕು.

ಕೆಲಸ ಹೀಗೆ. ಪ್ಲಾಸ್ಟರ್ ಅಚ್ಚಿನಲ್ಲಿ ಗಾಯದ ಜಾಗಕ್ಕೆ ಒಂದಿಷ್ಟು ಪ್ಲಾಸ್ಟರ್ ಸೇರಿಸಿ ಉಬ್ಬಿಸಬೇಕು. ಆಗ ಅದರ ಮೇಲೆ ಒತ್ತಿದ ಒಳಅಟ್ಟೆಯಲ್ಲಿ ಅಲ್ಲಿ ಗುಳಿ ಬೀಳುತ್ತದೆ. ಉಬ್ಬಿನ ಹಿಂದೆ, ಪಾದದ ಕಮಾನಿನ ಕಡೆ, ಅಚ್ಚನ್ನು ಕೆರೆದು ತಗ್ಗು ಮಾಡಬೇಕು. ಒಳಅಟ್ಟೆಯಲ್ಲಿ ಅಲ್ಲಿ ದಿಂಬು ಏಳುತ್ತದೆ, ಭಾರ ಅದರ ಮೇಲೆ ಕೂರುತ್ತದೆ. ಮೆತ್ತನೆಯ ಫೋಮನ್ನು ಒವನ್ನಿನಲ್ಲಿ ಕಾಯಿಸಿ ಅಚ್ಚಿನ ಮೇಲಿಟ್ಟು, ನಡುವಿನ ಗಾಳಿ ಹೀರಿಸಿ ಕೂರಿಸಬೇಕು, ಅದರ ಕೆಳಗೆ ಸಣ್ಣ ಕಣ್ಣಿನ ರಬ್ಬರು. ಹೊರಗಿನ ಅಟ್ಟೆ ಬಾಗಬಾರದು, ದೋಣಿಯ ತಳದಂತೆ ಉರುಳಬೇಕು. ಮೊಳೆ ಒಂದೂ ಇರಬಾರದು. ಇದನ್ನೆಲ್ಲ ನಾನು ಕಣ್ಣು ಮುಚ್ಚಿ ಮಾಡಬಲ್ಲೆ.

ಮೊದಲ ಬೂಟು ಹಾಕಿದಾಗ ಆಜಿ ಸಡಿಲ ಆಯಿತು ಎಂದರು. ಹಳೆಯ ಬೂಟು ಬಹಳ ಬಿಗಿ ಇತ್ತು. ಸ್ಪರ್ಶ ಕಳೆದ ಪಾದದವರು ಬಿಗಿಯಾದದ್ದನ್ನೇ ಇಷ್ಟಪಡುತ್ತಾರೆ, ಏಕೆಂದರೆ ಬಿಗಿದರೆ ಮಾತ್ರ ಕಾಲಲ್ಲಿ ಏನೋ ಇದೆ ಎಂದು ಅವರಿಗೆ ಗೊತ್ತಾಗುವುದು. ಇದನ್ನು ವಿವರಿಸಿದೆ. ಒಪ್ಪಿದರು. ಮೊದಲು ಅರ್ಧ ತಾಸು, ಆಮೇಲೆ ಒಂದು ತಾಸು, ಹೀಗೆ ಹೆಚ್ಚಿಸಬೇಕು, ಪ್ರತಿಸಲ ಬಿಚ್ಚಿ ಪಾದ ನೋಡಬೇಕು ಎಂದೆ. ನಮ್ಮಲ್ಲಿ ಎಲ್ಲರಿಗೂ ಕೊಡುವ ಅಚ್ಚಾದ ಹಾಳೆಯನ್ನೂ ಕೊಟ್ಟೆ. ಅದರ ನಾಲ್ಕನೆಯ ಸಾಲು, ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ ಎಂದು. ಮೊಮ್ಮಗಳು ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ ಮಾಡುವವಳು, ಚುರುಕು ಹುಡುಗಿ. ಹಾಳೆಯನ್ನು ಓದಿ ಆಜಿಗೆ ಹೇಳಿದಳು. ಆಜಿ ತಲೆಯಾಡಿಸಿದರು. ನಾನು ಮುಂದಿನ ಕೆಲಸಕ್ಕೆ ಹೋದೆ.

ವಾರ ಕಳೆದು ಬಂದರು. ಗಾಯ ಹಾಗೇ ಇತ್ತು. ಹತ್ತು ನಿಮಿಷ ನಡೆಸಿ, ಬೂಟು ಬಿಚ್ಚಿ, ಕೈಯ ಹಿಂಬದಿಯಿಂದ ಪಾದ ಮುಟ್ಟಿ ನೋಡಿದೆ. ಎಲ್ಲಿ ಒತ್ತಡ ಬೀಳುತ್ತದೋ ಅಲ್ಲಿ ಚರ್ಮ ಬಿಸಿಯಾಗಿರುತ್ತದೆ. ಎಲ್ಲೂ ಬಿಸಿ ಇರಲಿಲ್ಲ. ಒಳಅಟ್ಟೆಗೆ ಪೌಡರ್ ಹಚ್ಚಿ ನಡೆಸಿದೆ. ಗುಳಿಯೊಳಗಿನ ಪೌಡರ್ ಕದಡಿರಲಿಲ್ಲ, ಅಂದರೆ ಗಾಯ ಎಲ್ಲೂ ತಾಗುತ್ತಿಲ್ಲ. ಬೂಟು ಸರಿಯಾಗಿತ್ತು. ಆದರೂ ಗಾಯದ ಅಂಚಿನ ಗಟ್ಟಿ ಚರ್ಮದ ಕೆಳಗೆ ಹೊಸ ರಕ್ತ ಕಪ್ಪಾಗಿ ಕಾಣುತ್ತಿತ್ತು. ಎಲ್ಲಿಂದ ಬಂತು? ಗುಳಿಯನ್ನು ಇನ್ನಷ್ಟು ಆಳ ಮಾಡಿದೆ. ದಿಂಬನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಇನ್ನೊಂದು ವಾರ. ಗಾಯ ಸ್ವಲ್ಪ ದೊಡ್ಡದೇ ಆಗಿತ್ತು. ಮಾಲೀಕರು, ನೀವು ಮಾಡೋದೆಲ್ಲ ಮಾಡಿದೀರಿ, ಇನ್ನು ಸರ್ಜನ್‌ಗೆ ಬಿಡಿ ಎಂದರು. ನನ್ನ ಹೆಂಡತಿ ಕೊನೆಗೆ ಆಸ್ಪತ್ರೆಯಲ್ಲಿದ್ದಾಗ ಅವಳ ಕಾಲಿನ ವಿಷಯದಲ್ಲೂ ಯಾರೋ ನನಗೆ ಇದೇ ಮಾತು ಹೇಳಿದ್ದರು. ಉಳಿ ಎತ್ತಿ ಮೇಜಿನ ಮೇಲೆ ಎಸೆದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಐದನೆಯ ವಾರದ ಶನಿವಾರ ಅವರ ಮನೆಗೆ ಹೋದೆ. ಹೇವರ್ಡಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಕೆಳ ಅಂತಸ್ತು. ಹೊಸ್ತಿಲ ಹೊರಗೆ ಚಪ್ಪಲಿಗಳ ಸಾಲು. ಅದರಲ್ಲಿ ನಾನು ಮಾಡಿದ ಬೂಟು, ಒರೆಸಿ, ಜೋಡಿಸಿ, ಮೂತಿ ಹೊರಗೆ ಮಾಡಿ ಇಟ್ಟಿತ್ತು. ಅಷ್ಟು ಜೋಪಾನ ಮಾಡಿದ್ದಾರಲ್ಲ ಎಂದು ಸಮಾಧಾನವಾಯಿತು. ನನ್ನ ಬೂಟನ್ನೂ ಬಿಚ್ಚಿ ಅದರ ಪಕ್ಕದಲ್ಲಿಟ್ಟು ಒಳಗೆ ಹೋದೆ.

ಚಹಾ ಬಂತು, ಆಜಿಯೇ ಮಾಡಿದ್ದು. ಸೋಫಾದ ಮೇಲೆ ಕೂತು ಮಾತಾಡಿದೆವು. ಅವತ್ತು ಅವರು ದ್ವೀಪದ ಕಥೆ ಹೇಳಿದರು. ಒಂಬತ್ತು ವರ್ಷದವರಿದ್ದಾಗ ಬೆನ್ನ ಮೇಲಿನ ಕಲೆ ಶಾಲೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿತ್ತು. ಅಪ್ಪ ಹಡಗುಕಟ್ಟೆಯವರೆಗೆ ಬಂದು, ಅವರ ಕೈಗೆ ಬಿಸ್ಕತ್ತಿನ ಡಬ್ಬಿ ಕೊಟ್ಟು, ಹಡಗು ಬಿಡುವ ಮೊದಲೇ ತಿರುಗಿ ಹೋದರು. ದ್ವೀಪದಲ್ಲಿ ಬೇರೆ ಬೇರೆ ದ್ವೀಪಗಳವರಿಗೆ ಬೇರೆ ಬೇರೆ ಕೇರಿ, ಭಾರತೀಯರಿಗೆ ಒಂದು. ಹೆಂಗಸರ ಸಾಲುಮನೆ ಬೇರೆ. ಹಳಬರ ತೋಳು ತೊಡೆಗಳಲ್ಲಿ ಎಣ್ಣೆಯ ಸೂಜಿಯ ಗುಂಡಿಗಳಿದ್ದವು. ಇವರ ಕಾಲಕ್ಕೆ ಮಾತ್ರೆ ಬಂದಿತ್ತು. ತಿಂಗಳಿಗೊಮ್ಮೆ ಕಿವಿಯ ಹಾಲೆಯನ್ನು ಸಣ್ಣಗೆ ಕೊಯ್ದು ರಸ ತೆಗೆದು ಪರೀಕ್ಷೆ ಮಾಡುತ್ತಿದ್ದರು. ಒಂದಾದ ಮೇಲೊಂದು ಪರೀಕ್ಷೆಯಲ್ಲಿ ರೋಗಾಣು ಕಾಣದಿದ್ದರೆ ಬಿಡುಗಡೆ. ಮಧ್ಯೆ ಒಮ್ಮೆ ಕಂಡರೆ ಮತ್ತೆ ಮೊದಲಿನಿಂದ ಎಣಿಕೆ. ಬಿಡುಗಡೆಗೆ ಒಂದೇ ತಿಂಗಳು ಉಳಿದಿದ್ದಾಗ ಇವರ ಎಣಿಕೆ ಹೀಗೆ ಮೊದಲಿಗೆ ಹೋಗಿತ್ತಂತೆ. ಪಕ್ಕದ ಹಾಸಿಗೆಯವಳದು ಮೂರು ಸಲ ಹೋಯಿತು. ಅವಳು ಅಲ್ಲಿಯೇ ಮಣ್ಣಾದಳು. ಊರಿಂದ ಬಂದ ಕಾಗದವನ್ನು ಅಲ್ಲಿನ ಅಧಿಕಾರಿಗಳು ಮೊದಲು ಓದುತ್ತಿದ್ದರು. ಇವರು ಬರೆದ ಕಾಗದಕ್ಕೆ ರೋಗಾಣು ಸಾಯಲೆಂದು ಹೊಗೆ ಹಾಕಿ ಕಳಿಸುತ್ತಿದ್ದರು.

"ಅಮ್ಮನ ಕಾಗದ?" ಎಂದು ಕೇಳಿದೆ.

ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ, ಬರೆಸಲೂ ಇಲ್ಲ ಎಂದರು. ಇನ್ನಷ್ಟು ಚಹಾ ತರಲು ಎದ್ದರು. ಅಡುಗೆಮನೆಗೆ ಹೋದರು, ಬಂದರು, ಸಕ್ಕರೆ ಮರೆತು ಮತ್ತೆ ಹೋದರು. ನಾನು ಕೂತು ನೋಡುತ್ತಲೇ ಇದ್ದೆ. ಪಾದವನ್ನೇ ನೋಡುವುದು ನನ್ನ ಕೆಲಸ, ಆದರೂ ಕಾಣಲಿಲ್ಲ. ಮೂರನೆಯ ಸಲ ಅವರು ದಾಟಿ ಹೋದಾಗ ತಿಳಿಬಣ್ಣದ ಟೈಲ್ಸಿನ ಮೇಲೆ ತೇವದ ಒಂದು ಚುಕ್ಕೆ ಉಳಿಯಿತು. ಅದರ ಮುಂದೆ ಇನ್ನೊಂದು. ಪಟ್ಟಿಯ ಮೂಲಕ ಒಸರಿದ್ದು. ಟೈಲ್ಸಿನ ಮೇಲೆ ಬರಿಗಾಲು, ನೇರ ಗಾಯದ ಮೇಲೆ ಇಡೀ ದೇಹದ ಭಾರ.

ದಿನಕ್ಕೆ ಎಷ್ಟು ಹೊತ್ತು ಬೂಟು ಹಾಕುತ್ತೀರಿ ಎಂದು ಕೇಳಿದೆ. ಹೊರಗೆ ಹೋಗುವಾಗ ಯಾವತ್ತೂ ತಪ್ಪಿಸಿಲ್ಲ ಎಂದರು. ಹೊರಗೆ ಹೋಗುವುದು ವಾರಕ್ಕೆ ಎರಡು ಸಲ, ಕ್ಲಿನಿಕ್ಕಿಗೆ ಮತ್ತು ನನ್ನ ಹತ್ತಿರಕ್ಕೆ.

ನಾನು ಎದ್ದು ನಿಂತು ಗದರಿದೆ. ಹಿರಿಯರೆಂದು ನೋಡಲಿಲ್ಲ. ಹಾಳೆ ಕೊಟ್ಟಿದ್ದು ಯಾಕೆ, ತಲೆಯಾಡಿಸಿದ್ದು ಯಾಕೆ, ಕಾಲು ಹೋದರೆ ಯಾರ ಕಾಲು ಹೋಗುವುದು ಎಂದೆಲ್ಲ ಕೂಗಿದೆ. ಮೊಮ್ಮಗಳು ಒಳಗಿನ ಕೋಣೆಯಿಂದ ಬಂದಳು. ಅವಳು ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದ್ದು ಇಷ್ಟೇ:

"ನೀವೂ ಬಿಚ್ಚಿಟ್ಟೇ ಒಳಗೆ ಬಂದ್ರಲ್ಲ, ಅಂಕಲ್."

ನನ್ನ ಪಾದ ನೋಡಿಕೊಂಡೆ. ಕಾಲುಚೀಲದ ಹೆಬ್ಬೆರಳ ಹತ್ತಿರ ತೂತಾಗಿತ್ತು. ನನ್ನ ಹೆಂಡತಿ ಇದ್ದಿದ್ದರೆ ಹೊಲಿದಿರುತ್ತಿದ್ದಳು. ಬೇರೆ ಯಾವ ಅಮೆರಿಕನ್ ಕೆಲಸಗಾರ ಬಂದಿದ್ದರೂ ಬೂಟುಗಾಲಲ್ಲೇ ಒಳಗೆ ನುಗ್ಗಿ, ಐದೇ ನಿಮಿಷದಲ್ಲಿ ಕೇಳಿರುತ್ತಿದ್ದ, ಇಲ್ಲಿ ಎಲ್ಲರೂ ಯಾಕೆ ಬರಿಗಾಲಲ್ಲಿದ್ದೀರಿ ಎಂದು. ನನಗೆ ಅದು ಕಾಣಲೇ ಇಲ್ಲ. ಗಾಳಿ ಕಾಣದ ಹಾಗೆ.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಇತ್ತು. ಅವಳು ನರ್ಸು. ನಾನು ಅವಳಿಗೆ ಎರಡು ಜೊತೆ ಬೂಟು ಮಾಡಿಕೊಟ್ಟಿದ್ದೆ, ನನ್ನ ಕೈಯ ಕೆಲಸದಲ್ಲೇ ಒಳ್ಳೆಯವು. ಮನೆಯೊಳಗೂ ಏನಾದರೂ ಹಾಕಿಕೋ ಎಂದು ಒಮ್ಮೆ ಹೇಳಿದ್ದೆ. ರೊಟ್ಟಿ ಬಡಿಯುತ್ತಿದ್ದವಳು ತಿರುಗಿ, "ಅಡಗಿಮನ್ಯಾಗ ಚಪ್ಪಲ್ ಹಾಕ್ಕೊಂಡು ಅಡ್ಡಾಡ್ಲೇನ್ರಿ? ನಮ್ಮವ್ವ ನೋಡಿದ್ರ ಹಂಚ ಎತ್ತಿ ಒಗಿತಿದ್ಲು" ಎಂದು ನಕ್ಕಳು. ನಾನೂ ನಕ್ಕೆ. ಅಲ್ಲಿಗೆ ಮಾತು ಮುಗಿಯಿತು. ಪಾತ್ರೆ ತಿಕ್ಕುವ ಸ್ಟೀಲ್ ನಾರಿನ ಒಂದು ತುಣುಕು ಅವಳ ಅಂಗಾಲಿನಲ್ಲಿ ಸೇರಿಕೊಂಡು ಎಷ್ಟು ದಿನ ಇತ್ತೋ, ಸ್ಪರ್ಶ ಕಳೆದ ಪಾದ, ಅವಳಿಗೂ ತಿಳಿಯಲಿಲ್ಲ. ಜ್ವರ ಬಂದಾಗ ಫ್ಲೂ ಎಂದುಕೊಂಡೆವು. ನಂಜು ರಕ್ತಕ್ಕೆ ಏರಿತ್ತು. ದಿನಕ್ಕೆ ಹತ್ತು ಜನರಿಗೆ ಆ ಹಾಳೆ ಹಂಚುವ ನಾನು, ಅಂಥದೇ ಹಾಳೆಯನ್ನು ತನ್ನ ರೋಗಿಗಳಿಗೆ ಓದಿ ಹೇಳುವ ಅವಳು. ಇಬ್ಬರಿಗೂ ಗೊತ್ತಿದ್ದ ಒಂದು ಸಾಲು ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ.

ಇದನ್ನು ಅಲ್ಲಿಯೇ ಆಜಿಗೆ ಹೇಳಿಬಿಟ್ಟೆ. ಹೇಳಬೇಕೆಂದಿರಲಿಲ್ಲ. ಹೊಸ ಜೊತೆ ಮಾಡಿಕೊಡುತ್ತೇನೆ, ಒಳಗೆ ಮಾತ್ರ ಹಾಕುವುದು, ಹೊರಗಿನ ಮಣ್ಣು ಮುಟ್ಟದ್ದು, ಹಾಕಿಕೊಳ್ಳಿ ಎಂದು ಬೇಡಿಕೊಂಡೆ.

ಆಜಿ ಇಲ್ಲ ಎಂದರು. ಹಟ ಎಂದುಕೊಂಡೆ. ಅವರು ಕೂತು, ಪಾದವನ್ನು ಸ್ಟೂಲಿನ ಮೇಲೆ ಎತ್ತಿಟ್ಟುಕೊಂಡು ಕಾರಣ ಹೇಳಿದರು. ದ್ವೀಪದಿಂದ ಬಿಡುಗಡೆಯಾಗಿ ಮನೆಗೆ ಹೋದಾಗ ಅಮ್ಮ ಜಗಲಿಯಲ್ಲಿ ತಟ್ಟೆ ಇಟ್ಟಳು. ವಾಸಿಯಾಗಿದೆ ಎಂಬ ಸರ್ಕಾರದ ಕಾಗದ ಕೈಯಲ್ಲಿತ್ತು, ಯಾರೂ ಓದಲಿಲ್ಲ. ಎರಡು ವರ್ಷ ಜಗಲಿಯಲ್ಲೇ ಊಟ, ಅಲ್ಲೇ ನಿದ್ದೆ. ದ್ವೀಪದಲ್ಲಿ ಕೊಟ್ಟಿದ್ದ ಕ್ಯಾನ್ವಾಸ್ ಬೂಟು ಕಾಲಲ್ಲೇ ಇರಬೇಕು, ಬಿಚ್ಚಬಾರದು, ನಿನ್ನ ಪಾದ ನೆಲಕ್ಕೆ ತಾಗಬಾರದು ಎಂದು ಅತ್ತಿಗೆ ಹೇಳಿದ್ದಳು.

"ಅತ್ತಿಗಿ ಹಡಿಯೂ ದಿನ ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲ. ಬೂಟ್ ಬಿಚ್ಚಿ ಒಗದು ಬರಿಗಾಲಿಲೆ ಅಡಗಿಮನಿಗೆ ಹೋಗಿ ನೀರು ಕಾಸಿದೆ. ಅವತ್ತಿಂದ ನಾ ಮನಿಯಾಕಿ. ಈಗ ನೀ ಬಂದು ಮತ್ತ ಬೂಟ್ ಹಾಕ್ಕೊ ಅಂತಿ. ಕಾಲು ತಗೊಂಡು ಹೋಗ್ರಿ ಬೇಕಾದ್ರ."

ಅವರ ಮೇಲಿದ್ದ ಸಿಟ್ಟು ಹೋಯಿತು. ಆ ಜಗಲಿಯ ಮೇಲೆ, ಆ ಹಡಗಿನ ಮೇಲೆ, ಎಣಿಕೆಯನ್ನು ಮೊದಲಿನಿಂದ ಶುರುಮಾಡುತ್ತಿದ್ದವರ ಮೇಲೆ ಬಂತು. ಅವರ್ಯಾರೂ ಈಗ ಕೈಗೆ ಸಿಗುವವರಲ್ಲ. ಅವರೆಲ್ಲ ಮಾಡಿಟ್ಟದ್ದು ಈ ಪಾದದ ಕೆಳಗಿನ ಗಾಯವಾಗಿ ಇವತ್ತೂ ಒಸರುತ್ತಿತ್ತು.

ಭಾನುವಾರ ವರ್ಕ್‌ಶಾಪಿನ ಬೀಗ ತೆಗೆಸಿಕೊಂಡು ಒಬ್ಬನೇ ಕೂತೆ. ಬೂಟು ಬೇಡವೆಂದರೆ ಬೂಟಿನ ಕೆಲಸವನ್ನು ಬೇರೆ ಯಾವುದರಿಂದ ಮಾಡಿಸುವುದು? ಗಾಯದ ಪಟ್ಟಿಯನ್ನು ಅವರು ಒಳಗೂ ಕಟ್ಟಿಕೊಂಡೇ ಇರುತ್ತಾರೆ. ಅದನ್ನು ಯಾರೂ ಹೊಸ್ತಿಲಲ್ಲಿ ಬಿಚ್ಚಿಡುವುದಿಲ್ಲ. ಹಾಗಾದರೆ ಅಟ್ಟೆಯನ್ನೇ ಪಟ್ಟಿ ಮಾಡಬೇಕು. ನಮ್ಮ ಆಸ್ಪತ್ರೆಯಲ್ಲಿ ಬೂಟು ತಯಾರಾಗುವವರೆಗೆ ಕೆಲವರಿಗೆ ದಪ್ಪ ಉಣ್ಣೆಯ ಫೆಲ್ಟನ್ನು ಪಾದಕ್ಕೇ ಅಂಟಿಸುತ್ತಿದ್ದರು. ಕಪಾಟಿನಲ್ಲಿ ಫೆಲ್ಟಿನ ಸುರುಳಿ ಇತ್ತು. ಆಜಿಯ ಅಚ್ಚಿನ ಮೇಲಿಟ್ಟು ಕತ್ತರಿಸಿದೆ. ಹಿಮ್ಮಡಿಯ ಮುಂದಿನಿಂದ ಬೆರಳ ಬುಡದವರೆಗೆ ಒಂದೇ ತುಂಡು, ಗಾಯಕ್ಕೆ ಕುದುರೆ ಲಾಳದ ಆಕಾರದ ತೆರವು. ಮುಚ್ಚಿದ ತೂತು ಮಾಡಿದರೆ ಸುತ್ತಿನ ಅಂಚು ಚರ್ಮವನ್ನು ಒಳಕ್ಕೆ ತಳ್ಳುತ್ತದೆ, ಅದಕ್ಕೆ ಮುಂದೆ ಬಾಯಿ ಬಿಟ್ಟಿರಬೇಕು. ಅಂಚನ್ನು ಇಳಿಜಾರಾಗಿ ಕೆರೆದೆ. ಅದರ ಕೆಳಗೆ ಮೆತ್ತನೆ ಫೋಮಿನ ಒಂದು ಪದರ. ಮೊದಲ ತುಂಡು ದಪ್ಪವಾಗಿ ಎಡಗಾಲಿಗೂ ಬಲಗಾಲಿಗೂ ಎತ್ತರ ಬೇರೆಯಾಯಿತು. ಹಾಗೆ ಬಿಟ್ಟರೆ ಮತ್ತೆ ಬೀಳುತ್ತಾರೆ. ಎಡಗಾಲಿಗೂ ಅಷ್ಟೇ ದಪ್ಪದ್ದೊಂದು ಕತ್ತರಿಸಿದೆ.

ಮಾಲೀಕರಿಗೆ ತೋರಿಸಿದಾಗ ಅವರು ಬೇಡವೇ ಬೇಡ ಎಂದರು. ಗಾಯಕ್ಕೆ ಅಂಟಿಸುವುದು ನಮ್ಮ ಕೆಲಸವಲ್ಲ, ಹೆಚ್ಚುಕಡಿಮೆಯಾದರೆ ಲೈಸೆನ್ಸೇ ಹೋಗುತ್ತದೆ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಹಾಗಾಗಿ ನಾನು ಅಂಟಿಸಲಿಲ್ಲ. ರಜೆ ಹಾಕಿ, ಆಜಿಯ ಜೊತೆ ಗಾಯದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ತುಂಡನ್ನು ತಿರುಗಿಸಿ ನೋಡಿ, ಇದು ಹಳೇ ಪದ್ಧತಿ ಎಂದರು. ಕಾಲು ಕತ್ತರಿಸುವುದು ಇನ್ನೂ ಹಳೆಯದು ಎಂದೆ. ಅಷ್ಟು ಗಟ್ಟಿಯಾಗಿ ನಾನು ಡಾಕ್ಟರರ ಮುಂದೆ ಮಾತಾಡಿದ್ದಿಲ್ಲ. ಪಟ್ಟಿ ಕಟ್ಟುವ ನರ್ಸು ಫಿಲಿಪೀನ್ಸಿನವರು. ನಮ್ಮ ದೇಶದಲ್ಲೂ ಅಂಥ ಒಂದು ದ್ವೀಪ ಇತ್ತು, ನನ್ನ ಅಜ್ಜಿಯ ಅಕ್ಕ ಅಲ್ಲಿಂದ ಬರಲೇ ಇಲ್ಲ ಎಂದು ಹೇಳಿ ಅವರೇ ತುಂಡನ್ನು ಕೈಗೆ ತೆಗೆದುಕೊಂಡರು. ಡಾಕ್ಟರ್ ಒಪ್ಪಿದರು. ನಾಲ್ಕು ದಿನಕ್ಕೊಮ್ಮೆ ಬಿಚ್ಚಿ, ಗಾಯ ತೊಳೆದು, ಹೊಸ ತುಂಡು ಅಂಟಿಸಿ ಮೇಲೆ ಪಟ್ಟಿ ಸುತ್ತುವುದು. ತುಂಡುಗಳನ್ನು ನಾನು ಕತ್ತರಿಸಿ ಕಳಿಸುವುದು.

ಆಜಿ ಎದ್ದು ನಿಂತು, ಪಟ್ಟಿ ಸುತ್ತಿದ ಪಾದ ನೋಡಿಕೊಂಡರು. ಇದನ್ನು ಹಾಕಿಕೊಂಡು ಅಡುಗೆಮನೆಗೆ ಹೋಗಬಹುದೇ ಎಂದು ಕೇಳಿದೆ.

"ಇದು ಔಷಧ ಐತಿ. ಬೂಟಲ್ಲ" ಎಂದರು.

ಎರಡನೆಯ ಸಲ ಬಿಚ್ಚಿದಾಗ ಗಟ್ಟಿ ಚರ್ಮದ ಕೆಳಗೆ ಹೊಸ ರಕ್ತ ಇರಲಿಲ್ಲ. ಮೂರನೆಯ ಸಲ ಫೆಲ್ಟು ಜಾರಿ ಕಮಾನಿನ ಹತ್ತಿರ ಚರ್ಮ ಕೆಂಪಾಗಿತ್ತು. ಹೆದರಿದೆ, ಒಳ ಅಂಚನ್ನು ಕಡಿಮೆ ಮಾಡಿದೆ. ನಾಲ್ಕನೆಯ ಸಲ ಗಾಯದ ತಳದಲ್ಲಿ ಕೆಂಪು ಮಾಂಸ ಕಾಳುಕಾಳಾಗಿ ಏಳುತ್ತಿತ್ತು. ಎಂಟನೆಯ ವಾರದ ಕೊನೆಗೆ ಸರ್ಜನ್ ಅಳತೆ ಕಡ್ಡಿ ಇಟ್ಟು ನೋಡಿದರು. ಅಗಲ ಅರ್ಧಕ್ಕಿಂತ ಕಡಿಮೆಯಾಗಿತ್ತು, ಆಳ ಹೆಸರಿಗಷ್ಟೇ ಇತ್ತು. ಅವರು ಕಂಪ್ಯೂಟರಿನಲ್ಲಿ ಆಪರೇಷನ್ನಿನ ದಿನವನ್ನು ಅಳಿಸಿದರು. ಅದೃಷ್ಟ ಒಳ್ಳೆಯದಿತ್ತು ಎಂದರು. ಅದೃಷ್ಟ ಅಲ್ಲ ಎಂದು ನರ್ಸು ಹೇಳಿದರು, ಆದರೆ ಸರ್ಜನ್ ಆಗಲೇ ಕೋಣೆಯಿಂದ ಹೊರಟಿದ್ದರು.

ಬೂಟಿನ ಒಪ್ಪಿಗೆಯ ಕಾಗದ ಇನ್ನೂ ಬಂದಿರಲಿಲ್ಲ. ಈಗಲೂ ಬಂದಿಲ್ಲ.

ಹೊರಗೆ ಮೊಮ್ಮಗಳು ಕಾರು ತರಲು ಹೋಗಿದ್ದಳು. ಆಜಿ ಬೆಂಚಿನ ಮೇಲೆ ಕೂತು ಬೂಟಿನ ಪಟ್ಟಿಗಳನ್ನು ತಾವೇ ಬಿಗಿದುಕೊಂಡರು. ಆಮೇಲೆ ತಲೆಯೆತ್ತಿ ಕೇಳಿದರು.

"ನಿನ್ನ ಹೆಂಡತಿಗೂ ಈ ಔಷಧದ ಪಟ್ಟಿ ಕಟ್ಟಿದ್ದಿ ಏನು?"

"ಇಲ್ಲ ಆಜಿ."

ಎಲ್ಲರೂ ನನಗೆ ಹೇಳುವ ಮಾತುಗಳಿದ್ದವು. ನಿನ್ನ ತಪ್ಪಲ್ಲ, ಅವಳ ಆಯು ಅಷ್ಟೇ ಇತ್ತು. ಆಜಿ ಅವುಗಳಲ್ಲಿ ಒಂದನ್ನೂ ಹೇಳಲಿಲ್ಲ. ತಲೆಯಾಡಿಸಿ, ಈ ಸಲ ಯಾರ ತೋಳೂ ಹಿಡಿಯದೆ ಎದ್ದು ಕಾರಿನ ಕಡೆ ನಡೆದರು.

ನಾನು ಹಿಂದೆ ನಡೆದೆ. ಕಣ್ಣು ಅವರ ಬಲಗಾಲಿನ ಮೇಲೆಯೇ ಇತ್ತು. ಹಿಮ್ಮಡಿ ಮೊದಲು ಊರುತ್ತಿತ್ತು, ಅಟ್ಟೆ ಸರಿಯಾಗಿ ಉರುಳುತ್ತಿತ್ತು, ಹೆಬ್ಬೆರಳ ಬುಡ ನೆಲಕ್ಕೆ ತಾಗುವ ಮೊದಲೇ ಪಾದ ಎದ್ದುಬಿಡುತ್ತಿತ್ತು. ಒಳ್ಳೆಯ ಕೆಲಸ. ಸಂತೋಷವಾಗಬೇಕಿತ್ತು. ಒಂದು ಗೇಣು ಫೆಲ್ಟು, ಒಂದು ಕತ್ತರಿ, ಅರ್ಧ ತಾಸಿನ ಕೆಲಸ, ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಅಂಗಾಲಿಗೂ ಇಷ್ಟೇ ಸಾಕಿತ್ತು ಎಂದು ನೆನೆದು, ಪಾರ್ಕಿಂಗ್ ಜಾಗದ ನಡುವೆ ಸಿಟ್ಟಿನಿಂದ ಹಲ್ಲು ಕಚ್ಚಿಕೊಂಡು ನಿಂತುಬಿಟ್ಟೆ.